63ನೇ ರ‍್ಯಾಂಕ್ ಬಂದದ್ದು ಯಾರಿಗೆ?

ವಿದೇಶಿ ಬಂಡವಾಳ ತಾನಾಗಿಯೇ ಬರೋದಿಲ್ಲ. ಅದನ್ನು ಕರೆಯೋದಕ್ಕೆ ಸಂಸ್ಥೆಗಳಿವೆ, ಅವುಗಳ ಅಂಕಪಟ್ಟಿಗಳಿವೆ. ನವಉದಾರವಾದಿ ನೀತಿಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ಅಂಕಪಟ್ಟಿಗಳನ್ನೇ ಮೊದಲು ಓದಬೇಕು.

ವಿಶ್ವ ಬ್ಯಾಂಕ್ 2003ರಿಂದ ‘ಡೂಯಿಂಗ್ ಬಿಸಿನೆಸ್’ ಅನ್ನುವ ವರದಿ ತರುತ್ತಿತ್ತು. ಕಂಪನಿ ಶುರು ಮಾಡೋದು, ಕಟ್ಟಡದ ಪರವಾನಗಿ, ಕರೆಂಟು, ಸಾಲ, ತೆರಿಗೆ ಇವೆಲ್ಲ ಎಷ್ಟು ಸಲೀಸು ಅಂತ ನೋಡಿ ದೇಶಗಳಿಗೆ ರ‍್ಯಾಂಕ್ ಕೊಡುತ್ತಿತ್ತು. 2015ರ ವರದಿಯಲ್ಲಿ 142ನೇ ಸ್ಥಾನದಲ್ಲಿದ್ದ ಭಾರತ 2020ರ ವರದಿಯಲ್ಲಿ 63ಕ್ಕೆ ಬಂತು. ಸರ್ಕಾರ ಇದನ್ನು ಹೂಡಿಕೆದಾರರ ಮುಂದೆ ಹೆಮ್ಮೆಯಿಂದ ತೋರಿಸಿತು.

ಆದರೆ ಇಷ್ಟು ದೊಡ್ಡ ದೇಶದ ರ‍್ಯಾಂಕ್ ಲೆಕ್ಕ ಹಾಕಿದ್ದು ಎರಡೇ ಊರು ನೋಡಿ: ಮುಂಬೈ ಮತ್ತು ದೆಹಲಿ. ಅಲ್ಲೂ ಅಳೆದದ್ದು ಕಾಗದದ ಮೇಲಿನ ಒಂದು ಮಾದರಿ ಕಂಪನಿಯನ್ನು. ಮಾಹಿತಿ ಕೊಟ್ಟವರಲ್ಲಿ ಹೆಚ್ಚಿನವರು ವಕೀಲರು, ಅಕೌಂಟೆಂಟರು. ಅದೇ ಮುಂಬೈಯ ಧಾರಾವಿಯ ಚರ್ಮದ ಕಾರೀಗರ, ಅದೇ ದೆಹಲಿಯ ಸೀಲಂಪುರದ ದರ್ಜಿ ಈ ಹಿಸಾಬಿನಲ್ಲಿ ಇಲ್ಲವೇ ಇಲ್ಲ.

ಮೊದಮೊದಲು ಇನ್ನೊಂದು ಲೆಕ್ಕವೂ ಇತ್ತು. ಕೆಲಸಗಾರರನ್ನು ತೆಗೆದುಹಾಕೋದು ಸುಲಭವಾದಷ್ಟೂ ಆ ದೇಶಕ್ಕೆ ಹೆಚ್ಚು ಅಂಕ! ಕಾರ್ಮಿಕ ಸಂಘಟನೆಗಳು ಆಕ್ಷೇಪಿಸಿದ ಮೇಲೆ ಅದನ್ನು ರ‍್ಯಾಂಕಿನಿಂದ ಕೈಬಿಟ್ಟರು.

ಪರವಾನಗಿ ಬೇಗ ಸಿಕ್ಕರೆ ಸಣ್ಣ ಅಂಗಡಿಯವನಿಗೂ ಒಳ್ಳೆಯದೇ, ಇಲ್ಲ ಅನ್ನೋದಿಲ್ಲ. ಆದರೆ ಪರೀಕ್ಷೆಗೆ ಬರುವ ಪಾಠವನ್ನಷ್ಟೇ ಓದಿಸಿದರೆ ಅಂಕ ಬರುತ್ತೆ, ವಿದ್ಯೆ ಬರಲ್ಲ. ಇದು ಶಿಕ್ಷಕರಿಗೆಲ್ಲ ಗೊತ್ತು. 2014ರ ‘ಮೇಕ್ ಇನ್ ಇಂಡಿಯಾ’ ದೇಶದ ಉತ್ಪನ್ನದಲ್ಲಿ ತಯಾರಿಕೆಯ ಪಾಲನ್ನು ಶೇ. 25ಕ್ಕೆ ಏರಿಸುವ ಗುರಿ ಇಟ್ಟಿತ್ತು. ರ‍್ಯಾಂಕ್ ಏರಿತು, ಆ ಪಾಲು ಅಲ್ಲಿಗೆ ಮುಟ್ಟಲೇ ಇಲ್ಲ.

ಕೊನೆಗೆ ಅಂಕ ಕೊಡುವವರ ಪುಸ್ತಕದಲ್ಲೇ ತಿದ್ದುಪಡಿ ಸಿಕ್ಕಿತು. 2018ರ ವರದಿಯಲ್ಲಿ 85ಕ್ಕೆ ಇಳಿಯಬೇಕಿದ್ದ ಚೀನಾವನ್ನು 78ರಲ್ಲೇ ಉಳಿಸಲು ಅಂಕಿಅಂಶ ಬದಲಿಸಿದ್ದು ತನಿಖೆಯಲ್ಲಿ ಹೊರಬಂತು. 2021ರ ಸೆಪ್ಟೆಂಬರಿನಲ್ಲಿ ವಿಶ್ವ ಬ್ಯಾಂಕ್ ವರದಿಯನ್ನೇ ನಿಲ್ಲಿಸಿತು. ಭಾರತದ ಅಂಕ ತಿದ್ದಿದ್ದಾರೆ ಅಂತ ಆ ತನಿಖೆ ಹೇಳಲಿಲ್ಲ, ನಾವೂ ಹೇಳಬಾರದು. ಆದರೆ ಆ ಅಂಕವನ್ನು ನೆಚ್ಚಿ ಬದಲಿಸಿದ ನಿಯಮಗಳು ವರದಿಯ ಜೊತೆ ವಾಪಸು ಹೋಗಲಿಲ್ಲ.

2024ರಲ್ಲಿ ‘ಬಿ-ರೆಡಿ’ ಅನ್ನುವ ಹೊಸ ವರದಿ ಶುರುವಾಗಿದೆ. ಅದರಲ್ಲಿ ಕಾರ್ಮಿಕರ ವಿಷಯವೂ ಇದೆ. ವಿದ್ಯಾರ್ಥಿಗಳು ಅದನ್ನು ಓದಲಿ. ಆದರೆ ನಮ್ಮ ದೇಶಕ್ಕೆ ಎಷ್ಟನೇ ಸ್ಥಾನ ಅಂತ ಹುಡುಕುವ ಮುಂಚೆ, ಯಾರನ್ನು ಕೇಳಿ ಅಂಕ ಕೊಟ್ಟರು, ಯಾರನ್ನು ಕೇಳಲಿಲ್ಲ ಅಂತ ನೋಡಲಿ.