ಅರ್ಬುದ ಲಸಿಕೆಯ ಪ್ರಯೋಗಗಳಲ್ಲಿ ತ್ವರೆ: ಒಂದು ವಿಮರ್ಶೆ

ಕ್ಯಾನ್ಸರ್ ಎಂಬ ಅರ್ಬುದ ರೋಗದ ಲಸಿಕೆಗಳ ಪ್ರಯೋಗಗಳು ಶೀಘ್ರವಾಗಿ ನಡೆಯಬೇಕೆಂಬ ಮಾತು ಈಚೆಗೆ ಬಹುವಾಗಿ ಕೇಳಿಬರುತ್ತಿದೆ. ಇದಕ್ಕೆ ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯು 2024ರ ಮೇ ತಿಂಗಳಲ್ಲಿ ಪ್ರಕಟಿಸಿದ ಯೋಜನೆಯನ್ನು ಮಾದರಿಯಾಗಿ ತೋರಿಸುವುದುಂಟು. ನಿಯಮಗಳನ್ನು ಸಡಿಲಿಸಿದರೆ ವೇಗವು ತಾನಾಗಿ ಒದಗುವುದೆಂಬ ವಾದವನ್ನು ನಾವು ಒಪ್ಪಲಾರೆವು.

ಆ ಯೋಜನೆಯ ಕ್ರಮವನ್ನು ಪರಿಶೀಲಿಸಿದರೆ ನಿಜಾಂಶವು ತಿಳಿಯುತ್ತದೆ. ಒಪ್ಪಿಗೆಯಿತ್ತ ರೋಗಿಯ ಗೆಡ್ಡೆಯ ಅಂಶವನ್ನೂ ರಕ್ತವನ್ನೂ ಪರೀಕ್ಷಿಸಿ, ಅರ್ಹರಾದವರನ್ನು ಪ್ರಯೋಗ ನಡೆಯುವ ಆಸ್ಪತ್ರೆಗೆ ಕಳುಹಿಸುತ್ತಾರೆ. ರೋಗಿಗೂ ಪ್ರಯೋಗಕ್ಕೂ ನಡುವಣ ದಾರಿಯನ್ನು ಕಿರಿದುಗೊಳಿಸಿರುವುದೇ ಅಲ್ಲಿಯ ವೇಗದ ಮೂಲ. ಒಪ್ಪಿಗೆಯನ್ನು ಅವರು ಕೈಬಿಟ್ಟಿಲ್ಲ.

ಕೈಬಿಟ್ಟರೆ ಏನಾಗುವುದೆಂಬುದಕ್ಕೆ ನೆರೆಯಲ್ಲಿಯೇ ನಿದರ್ಶನವಿದೆ. 1956ರವರೆಗೆ ಕಲಬುರಗಿಯಂತೆಯೇ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಖಮ್ಮಂ ಪ್ರದೇಶದಲ್ಲಿ 2009ರಲ್ಲಿ ಬಾಲಕಿಯರಿಗೆ ಎಚ್.ಪಿ.ವಿ. ಲಸಿಕೆಯನ್ನು ಹಾಕಲಾಯಿತು. ಇಂಗ್ಲೆಂಡಿನ ಲಸಿಕೆಗಳು ರೋಗ ಬಂದವರಿಗಾಗಿ. ಇದಾದರೋ ಗರ್ಭಕಂಠದ ಅರ್ಬುದವು ಬಾರದಂತೆ ತಡೆಯುವುದಕ್ಕಾಗಿ. ಆದರೆ ಒಪ್ಪಿಗೆಯ ಪ್ರಶ್ನೆ ಎರಡಕ್ಕೂ ಸಮಾನ. ಖಮ್ಮಂನಲ್ಲಿ ಅನೇಕ ಒಪ್ಪಿಗೆ ಪತ್ರಗಳಿಗೆ ತಂದೆತಾಯಿಗಳ ಬದಲು ವಸತಿನಿಲಯದ ಮೇಲ್ವಿಚಾರಕರು ಸಹಿ ಮಾಡಿದ್ದರು. ಕೆಲವು ಬಾಲಕಿಯರು ಮೃತಪಟ್ಟರು. ಆ ಸಾವುಗಳಿಗೆ ಲಸಿಕೆಯು ಕಾರಣವೆನ್ನಲಾಗದೆಂದು ವಿಚಾರಣೆಯಲ್ಲಿ ಕಂಡುಬಂದರೂ ಜನರ ನಂಬಿಕೆ ಉಳಿಯಲಿಲ್ಲ. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯು ಈ ಕಾರ್ಯವನ್ನು ತೀವ್ರವಾಗಿ ಖಂಡಿಸಿತು.

ಹಾನಿಯು ಅಷ್ಟಕ್ಕೇ ನಿಲ್ಲಲಿಲ್ಲ. ಅದೇ ಲಸಿಕೆಯ ಎರಡು ವರಸೆ ಸಾಕೋ ಮೂರು ಬೇಕೋ ಎಂಬುದನ್ನು ನಿರ್ಣಯಿಸಲು ದೇಶದ ಹಲವೆಡೆ ಬೇರೊಂದು ಪ್ರಯೋಗ ನಡೆದಿತ್ತು. ಖಮ್ಮಂನ ದೋಷಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಆದರೂ 2010ರ ಏಪ್ರಿಲ್‌ನಲ್ಲಿ ಸರ್ಕಾರದ ಆಜ್ಞೆಯಿಂದ ಅಲ್ಲಿಯೂ ಲಸಿಕೆ ಹಾಕುವುದು ನಿಂತುಹೋಯಿತು. ಒಂದೇ ವರಸೆ ಪಡೆದಿದ್ದ ಬಾಲಕಿಯರನ್ನು ವಿಜ್ಞಾನಿಗಳು ಮುಂದೆ ವರ್ಷಾನುಗಟ್ಟಲೆ ಗಮನಿಸಿ, ಅದರಿಂದಲೂ ಉತ್ತಮ ರಕ್ಷಣೆ ದೊರೆಯುವುದೆಂದು ಕಂಡುಕೊಂಡರು. ಇದು ತಾಳ್ಮೆಯ ಫಲವೇ ಹೊರತು ತ್ವರೆಯದಲ್ಲ.

ಕಡತವು ಬೇಗ ಸಾಗುವ ವ್ಯವಸ್ಥೆ ನಮ್ಮಲ್ಲಿ ಈಗಾಗಲೇ ಇದೆ. 2019ರ ನಿಯಮಗಳಂತೆ, ಭಾರತದಲ್ಲಿಯೇ ಶೋಧಿಸಿದ ಔಷಧದ ಪ್ರಯೋಗದ ಅರ್ಜಿಗೆ 30 ಕೆಲಸದ ದಿನಗಳೊಳಗೆ ಉತ್ತರ ಬಾರದಿದ್ದರೆ ಅನುಮತಿ ದೊರೆತಂತೆಯೇ. ಸಾಗದಿರುವವನು ರೋಗಿ. 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯು ಬೆಂಗಳೂರಿನಲ್ಲಿದೆ. ಅದರ ಶಾಖೆಯೊಂದು ಕಲಬುರಗಿಯಲ್ಲಿದೆ. ಮಹಾಗಾಂವದ ರೋಗಿಗೆ ಕಲಬುರಗಿಯು ಬಸ್ಸಿನ ದಾರಿ. ಬೆಂಗಳೂರಾದರೋ ಸುಮಾರು 600 ಕಿಲೋಮೀಟರು. ಪ್ರತಿಯೊಂದು ತಪಾಸಣೆಗೂ ಅಷ್ಟು ದೂರ ಹೋಗಿಬರಲು ಕೂಲಿಕಾರನಿಗೆ ಸಾಧ್ಯವಾದೀತೆ?

ಆದುದರಿಂದ ಗೆಡ್ಡೆಯ ಪರೀಕ್ಷೆ, ನೋಂದಣಿ, ಪ್ರಯಾಣದ ವೆಚ್ಚ, ಕನ್ನಡ ಉರ್ದು ಲಂಬಾಣಿ ನುಡಿಗಳಲ್ಲಿ ವಿವರಣೆ ಇವೆಲ್ಲವೂ ಜಿಲ್ಲೆಯಲ್ಲಿಯೇ ಒದಗಬೇಕು. ಕಾಲವನ್ನು ಉಳಿಸಬೇಕಾದುದು ಇಲ್ಲಿ. ಒಪ್ಪಿಗೆ ಕೇಳುವಲ್ಲಿ ಉಳಿಸಿದ ಒಂದು ದಿನಕ್ಕೆ ಮುಂದೆ ವರ್ಷಗಳನ್ನೇ ತೆರಬೇಕಾದೀತೆಂಬುದು ಖಮ್ಮಂನ ಇತಿಹಾಸವು ಕಲಿಸುವ ಪಾಠ.