ಬೀಗಗಳು ಬಲವಾಗಿವೆ, ದನಿ ಕಡಿಮೆ

ರೋಣ, ನರಗುಂದದ ಕಡೆಯಿಂದ ಹುಬ್ಬಳ್ಳಿಗೆ ಹೋಗಿ ಜೆಟ್ ವಿಮಾನ ಹತ್ತಿಳಿದವರು ಆ ಅಬ್ಬರ ಕೇಳಿರುತ್ತಾರೆ. ಗಾಲಿ ನೆಲ ಮುಟ್ಟಿದ ಮರುಕ್ಷಣ ಎಂಜಿನ್ನು ಮತ್ತೆ ಗರ್ಜಿಸುತ್ತದೆ. ಅದು ಥ್ರಸ್ಟ್ ರಿವರ್ಸರ್. ಎಂಜಿನ್ನಿನ ಹೊರಕವಚ ಹಿಂದಕ್ಕೆ ಸರಿದು, ಒಳಗೆ ತಡೆಬಾಗಿಲು ಮುಚ್ಚಿ, ಫ್ಯಾನಿನ ಗಾಳಿ ಪಕ್ಕದ ಕಿಂಡಿಗಳಿಂದ ಮುಂದಕ್ಕೆ ನುಗ್ಗುತ್ತದೆ; ಓಟ ತಗ್ಗುತ್ತದೆ.

ಆಕಾಶದಲ್ಲಿ ಇದು ತೆರೆದರೆ ಸಾವೇ ಬರಬಹುದು. 1991ರ ಮೇ 26ರಂದು ಥಾಯ್ಲೆಂಡಿನ ಮೇಲೆ ಲೌಡಾ ಏರ್‌ನ ಬೋಯಿಂಗ್ 767ರಲ್ಲಿ ಹಾಗೇ ಆಯಿತು. ಅದಕ್ಕೆ ಮೊದಲು ಕಾಕ್‌ಪಿಟ್ಟಿನಲ್ಲಿ ಎಚ್ಚರಿಕೆ ದೀಪ ಬೆಳಗಿತ್ತು. ಕೈಪಿಡಿ ತೆರೆದು ನೋಡಿದರೆ ಪೈಲಟ್ ಮಾಡಬೇಕಾದ ಕ್ರಮವೇನೂ ಅದರಲ್ಲಿರಲಿಲ್ಲ. 223 ಜನ ಸತ್ತರು. ಈಗಿರುವ ಕಾವಲು ನಿಜಕ್ಕೂ ಮೆಚ್ಚುವಂಥದು. ಆ ದುರಂತದ ಬಳಿಕ, ಮಿಕ್ಕ ಬೀಗಗಳು ಸೋತರೂ ಕವಚವನ್ನು ಹಿಡಿದಿಡುವ ಸಿಂಕ್ ಲಾಕ್ ಸೇರಿತು. 737-800ರಲ್ಲಿ ಎಂಜಿನ್ನಿನ ಬಲ ನಿಯಂತ್ರಿಸುವ ಮುಖ್ಯ ಲಿವರ್ ಪೂರ್ತಿ ಹಿಂದಿದ್ದರಷ್ಟೇ ರಿವರ್ಸ್ ಲಿವರ್ ಮೇಲೇಳುತ್ತದೆ. ರಿವರ್ಸರ್ ತೆರೆಯಲು ವಿಮಾನ ನೆಲದ ಮೇಲಿರಬೇಕು, ಇಲ್ಲವೆ ನೆಲದಿಂದ 10 ಅಡಿಯೊಳಗಿರಬೇಕು. ಕವಚ ಸರಿಯುವಾಗ ಪರದೆಯ ಮೇಲೆ ಹಳದಿ ಅಕ್ಷರ, ಪೂರ್ತಿ ತೆರೆದಾಗ ಹಸಿರು. ಗಜೇಂದ್ರಗಡದ ಗುಡ್ಡದ ಗಾಳಿಯಂತ್ರ ಬಿರುಗಾಳಿಗೆ ತಾನೇ ರೆಕ್ಕೆ ಹೊರಳಿಸಿ ನಿಲ್ಲುವ ಹಾಗೆ, ಇಲ್ಲಿಯೂ ಅಪ್ಪಣೆಯಿಲ್ಲದೆ ಕದಲಿದ ಕವಚವನ್ನು ಯಂತ್ರವೇ ಮತ್ತೆ ಮುಚ್ಚುತ್ತದೆ.

ನನ್ನ ತಕರಾರು ಇರುವುದು ಮನುಷ್ಯನೇ ತೆರೆದು, ಮನುಷ್ಯನೇ ಮುಚ್ಚುವ ಗಳಿಗೆಯ ಬಗ್ಗೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ಎಂಬ 737-800 ವಿಮಾನ ಮಂಗಳೂರಿನ 8,033 ಅಡಿ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ನೆಲ ಮುಟ್ಟಿತು. ಇಳಿಯುತ್ತಿದ್ದಾಗ ಎಚ್ಚರಿಕೆ ಯಂತ್ರ ಮತ್ತೆ ಮತ್ತೆ ಕೂಗಿತ್ತು, ಸಹಪೈಲಟ್ ಮೇಲೇರೋಣ ಎಂದು ಹೇಳಿದ್ದರು. ಕ್ಯಾಪ್ಟನ್ ಕೇಳಲಿಲ್ಲ. ಇಳಿದು ರಿವರ್ಸರ್ ತೆರೆದ ಕೆಲವೇ ಸೆಕೆಂಡುಗಳಲ್ಲಿ ಅದನ್ನು ಮುಚ್ಚಿ, ಮತ್ತೆ ಹಾರಲು ಎಂಜಿನ್ನಿಗೆ ಬಲ ಕೊಟ್ಟರು. ವಿಮಾನ ಕಣಿವೆಗೆ ಬಿತ್ತು. 158 ಜನ ತೀರಿಕೊಂಡರು, ಎಂಟು ಜನ ಉಳಿದರು. ರಿವರ್ಸರ್ ತೆರೆದ ಮೇಲೆ ನಿಲ್ಲಲೇಬೇಕು, ಹಾರಬಾರದು ಎಂಬುದು ಬೋಯಿಂಗ್‌ನ ನಿಯಮ. ಅದು ಪುಸ್ತಕದಲ್ಲಿತ್ತು, ಅಷ್ಟೇ. ಇಳಿಯುವವರೆಗೆ ಕೂಗಿದ ಯಂತ್ರ ಆ ಹೊತ್ತಿನಲ್ಲಿ ಈ ಒಂದು ಮಾತನ್ನು ಹೇಳಲಿಲ್ಲ.

ಹಾಗೆಂದು ಲಿವರಿಗೇ ಇನ್ನೊಂದು ಬೀಗ ಹಾಕಿ ಎನ್ನಲಾರೆ. 2007ರ ಜುಲೈ 17ರಂದು ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಇಳಿದ ಏರ್‌ಬಸ್ ಎ320ರ ಒಂದು ಲಿವರ್ ಮುಂದೆಯೇ ಉಳಿದಿತ್ತು. ಪೈಲಟ್‌ಗೆ ನಿಲ್ಲುವ ಮನಸ್ಸಿಲ್ಲ ಎಂದು ಯಂತ್ರ ಲೆಕ್ಕ ಹಾಕಿತು. ಓಟ ತಗ್ಗಿಸಲು ರೆಕ್ಕೆಯ ಮೇಲೆ ಏಳಬೇಕಾದ ಸ್ಪಾಯ್ಲರ್ ಏಳಲಿಲ್ಲ, 199 ಜೀವ ಹೋದವು. ಯಂತ್ರ ಕೈ ಕಟ್ಟುವುದಕ್ಕಿಂತ ಬಾಯಿಬಿಟ್ಟು ಹೇಳುವುದು ಮೇಲು. ಏರ್‌ಬಸ್ 2009ರಲ್ಲೇ ಎ380ಕ್ಕೆ ಅಂಥ ವ್ಯವಸ್ಥೆ ತಂದಿತು. ಉಳಿದ ರನ್‌ವೇಯನ್ನು ಕ್ಷಣಕ್ಷಣಕ್ಕೂ ಲೆಕ್ಕಹಾಕಿ, ಸಾಲದೆಂದು ಕಂಡರೆ ಬ್ರೇಕ್ ಒತ್ತು, ರಿವರ್ಸ್ ಬಿಡಬೇಡ ಎಂದು ಅದು ಗಟ್ಟಿಯಾಗಿ ಕೂಗುತ್ತದೆ.

2020ರ ಆಗಸ್ಟ್ 7ರಂದು ಕೋಳಿಕ್ಕೋಡಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನದೇ ಇನ್ನೊಂದು 737-800 ರನ್‌ವೇ ದಾಟಿ ಕೆಳಗುರುಳಿತು. 21 ಜನ ಸತ್ತರು. ಗುಡ್ಡದ ನೆತ್ತಿ ಕಡಿದು ಮಾಡಿದ ಇಂಥ ರನ್‌ವೇಗಳಿಗೆ ಇಳಿಯುವ ಪ್ರತಿಯೊಂದು ಜೆಟ್ಟಿನಲ್ಲೂ ಆ ದನಿಯನ್ನು ಕಡ್ಡಾಯ ಮಾಡಬೇಕು.