ಬಸವಣ್ಣನ ಹಿಂದೆ ಮರೆಯಾದ ನಟ

ಏಣಗಿ ಬಾಳಪ್ಪನವರ ಮಾತು ಬಂದಾಗಲೆಲ್ಲ ಹೊರಡುವ ಸಂಗತಿಗಳು ಬಹುತೇಕ ಗೊತ್ತಿರುವವೇ. ನೂರು ದಾಟಿ ಬದುಕಿದರು, ಬಸವಣ್ಣನ ಪಾತ್ರ ಮಾಡಿದರು, ನಾಟಕ ನೋಡಿದ ಜನ ಅವರ ಕಾಲಿಗೆ ಬಿದ್ದರು. ಎಲ್ಲವೂ ನಿಜ. 1914ರಲ್ಲಿ ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ ಹುಟ್ಟಿದವರು 2017ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಅವರಿಗೆ 103 ವರ್ಷ. ಆದರೆ ಆಯುಸ್ಸು ದೇಹದ್ದು, ಬಸವಣ್ಣ ಚರಿತ್ರೆಗೆ ಸೇರಿದವನು, ಭಕ್ತಿ ಪ್ರೇಕ್ಷಕರದ್ದು. ಇದರಲ್ಲಿ ನಟನ ಪಾಲು ಎಷ್ಟು ಎಂದು ಯಾರೂ ಲೆಕ್ಕ ಹಾಕಿದಂತಿಲ್ಲ. ಶ್ರದ್ಧಾಂಜಲಿಗಳಲ್ಲಿ ‘ರಂಗನಿಷ್ಠೆ’ ಎಂಬ ಒಂದು ಪದ ಬಂದುಬಿಟ್ಟರೆ ಮುಂದಿನ ಪ್ರಶ್ನೆಗಳೆಲ್ಲ ಅಲ್ಲಿಗೇ ನಿಲ್ಲುತ್ತವೆ.

ಬಾಳಪ್ಪನವರು ಮೊದಲು ಹೆಸರು ಮಾಡಿದ್ದು ಸ್ತ್ರೀಪಾರ್ಟಿನಲ್ಲಿ. ಧಾರವಾಡ, ಬೆಳಗಾವಿಗಳೆಲ್ಲ ಆಗ ಮುಂಬೈ ಪ್ರಾಂತ್ಯದಲ್ಲಿದ್ದವು. ಮರಾಠಿ ಕಂಪನಿಗಳು ಬಂದು ಕ್ಯಾಂಪ್ ಹಾಕುತ್ತಿದ್ದವು. ಸ್ತ್ರೀಪಾತ್ರಧಾರಿ ಬಾಲಗಂಧರ್ವರು ಸೀರೆ ಉಟ್ಟ ರೀತಿ, ಹೆರಳು ಹಾಕಿದ ರೀತಿಯನ್ನು ಊರಿನ ಹೆಂಗಸರೇ ಅನುಕರಿಸುತ್ತಿದ್ದ ಕಾಲ. ಕಂಠ ಚೆನ್ನಾಗಿದ್ದ ಹುಡುಗ ಸಿಕ್ಕರೆ ಮಾಲೀಕರು ಮೊದಲು ಕೊಡುತ್ತಿದ್ದುದು ಹೆಣ್ಣಿನ ಪಾರ್ಟನ್ನೇ. ಅರದಾಳ, ಸಫೇದಾ, ಇಂಗಳೀಕ ಬಳಿದುಕೊಂಡು, ಗ್ಯಾಸ್‌ಲೈಟಿನ ಝಳದಲ್ಲಿ ಬಣ್ಣ ಕರಗದಂತೆ ನೋಡಿಕೊಂಡು, ಕಾಲಪೆಟ್ಟಿಯ ಶ್ರುತಿಗೆ ಹಾಡಿ, ‘ಒನ್ಸ್ ಮೋರ್’ ಎಂದರೆ ಅದೇ ಹಾಡನ್ನು ಮತ್ತೆ ಮೊದಲಿಂದ ಎತ್ತಿಕೊಳ್ಳಬೇಕು. ದನಿ ಒಡೆಯುವ ವಯಸ್ಸಿನಲ್ಲಿ ಎಷ್ಟೋ ಹುಡುಗರ ರಂಗಜೀವನ ಅಲ್ಲಿಗೇ ಮುಗಿಯುತ್ತಿತ್ತು. ಬಾಳಪ್ಪನವರದು ಮುಗಿಯಲಿಲ್ಲ. ಅವರ ಕಲೆಯ ಬಗ್ಗೆ ಬರೆಯುವವರು ಮೊದಲು ನಿಲ್ಲಬೇಕಾದ ಜಾಗ ಇದು. ಹೆಚ್ಚಿನವರು ಇದನ್ನು ‘ಸ್ತ್ರೀಪಾತ್ರಗಳಲ್ಲೂ ಮಿಂಚಿದರು’ ಎಂದು ಒಂದು ಸಾಲಿನಲ್ಲಿ ದಾಟಿಹೋಗುತ್ತಾರೆ.

ಅವರನ್ನು ಮನೆಮಾತಾಗಿಸಿದ್ದು ‘ಜಗಜ್ಯೋತಿ ಬಸವೇಶ್ವರ’. ಕಂಪನಿ ನಟನಿಗೆ ಬಸವಣ್ಣ ಸುಲಭದ ಪಾತ್ರವಲ್ಲ. ತಗಡಿನ ಥೇಟರಿನಲ್ಲಿ ನೆಲದ ಮೇಲೆ, ಬೆಂಚಿನ ಮೇಲೆ ಜನ ಕಿಕ್ಕಿರಿದಿರುತ್ತಾರೆ. ಕಟ್ಟಕಡೆಗೆ ಕೂತವನಿಗೂ ಮಾತು ಮುಟ್ಟಬೇಕು. ದುರ್ಯೋಧನನಿಗೋ ಕಂಸನಿಗೋ ಇದು ಅನುಕೂಲ, ಗರ್ಜಿಸಿದರಾಯಿತು. ಬಾಗುವ, ತನ್ನನ್ನು ಎಲ್ಲರಿಗಿಂತ ಕಿರಿಯವನೆಂದುಕೊಳ್ಳುವ ಬಸವಣ್ಣ ಗರ್ಜಿಸಿದರೆ ಪಾತ್ರವೇ ಕೆಡುತ್ತದೆ. ಮೆಲ್ಲಗೆ ಆಡಿದರೆ ಹಿಂದಿನವರು ಸಿಳ್ಳೆ ಹಾಕುತ್ತಾರೆ. ವಿನಯ ಕೆಡದಂತೆ ಮಾತು ಅಷ್ಟು ದೂರ ಹೋಗಬೇಕಾದರೆ ದನಿಯ ಎತ್ತರಕ್ಕಿಂತ ಅದರ ಹದವೇ ಮುಖ್ಯವಾಗುತ್ತದೆ. ಆ ಹದ ಬಾಳಪ್ಪನವರಿಗೆ ಸ್ತ್ರೀಪಾರ್ಟಿನ ವರ್ಷಗಳಿಂದಲೇ ಬಂದಿತ್ತೆಂದು ನನ್ನ ಊಹೆ. ಕಣ್ಣು ತಗ್ಗಿಸಿ ನಿಲ್ಲುವುದು, ಅಳತೆಯ ಹೆಜ್ಜೆ, ಕೂಗದೆ ದೂರ ಮುಟ್ಟುವ ದನಿ ಇವೆಲ್ಲ ಆ ಶಾಲೆಯ ಪಾಠಗಳೇ. ಇಳಿವಯಸ್ಸಿನಲ್ಲೂ ಸಭೆಗಳಲ್ಲಿ ಅವರು ರಂಗಗೀತೆ ಹಾಡುತ್ತಿದ್ದುದನ್ನು ಕೇಳಿದವರಿಗೆ ಈ ಊಹೆ ಅತಿಯೆನಿಸಲಾರದು.

ಜನ ಕಾಲಿಗೆ ಬೀಳುವುದು ನಟನಿಗೆ ಸಿಗುವ ದೊಡ್ಡ ಮನ್ನಣೆ ಎಂದು ನಾವು ನಂಬಿದ್ದೇವೆ. ನನಗೆ ಅಷ್ಟು ಖಾತ್ರಿಯಿಲ್ಲ. ಕಾಲಿಗೆ ಬಿದ್ದವರು ಬಿದ್ದದ್ದು ಬಸವಣ್ಣನಿಗೆ. ನಟ ಅಲ್ಲಿ ಗೆದ್ದು ಸೋಲುತ್ತಾನೆ: ಪಾತ್ರ ಅಷ್ಟು ನಿಜವಾಗಿ, ಅವನ ಕೆಲಸವೇ ಕಾಣದೆ ಹೋಗುತ್ತದೆ. ಆಮೇಲೆ ವಿಮರ್ಶಕನೂ ಕೈಮುಗಿದೇ ಬರೆಯುತ್ತಾನೆ. ಶರಣರ ಕುರಿತ ಕಂಪನಿ ನಾಟಕಗಳು ವಚನಕಾರರನ್ನು ಪವಾಡಪುರುಷರಾಗಿಸುವ ಕಡೆಗೆ ವಾಲುತ್ತಿದ್ದುದನ್ನೂ, ಟ್ರಿಕ್ ಸೀನಿಗೆ ಬಿದ್ದ ಚಪ್ಪಾಳೆ ಮಾತಿಗೆ ಬೀಳದೆ ಹೋಗುತ್ತಿದ್ದುದನ್ನೂ ಆಗ ಯಾರೂ ಎತ್ತುವುದಿಲ್ಲ.

ಮಾಲೀಕ ಬಾಳಪ್ಪನವರ ಕಥೆ ಬೇರೆಯದೇ. ‘ಕಲಾವೈಭವ ನಾಟ್ಯ ಸಂಘ’ ಅವರ ಕಂಪನಿ. ಅಂದರೆ ರಾತ್ರಿ ಬಸವಣ್ಣನಾದವರು ಬೆಳಗಾದರೆ ಕಲೆಕ್ಷನ್ ನೋಡಬೇಕು, ನಟರ ಪಗಾರ ಹೊಂದಿಸಬೇಕು, ಮಳೆ ಹಿಡಿದರೆ ಕ್ಯಾಂಪ್ ಎತ್ತಬೇಕು, ಪರದೆ, ತಗಡು, ಟ್ರಂಕು, ಅಡುಗೆ ಪಾತ್ರೆಗಳ ಸಮೇತ ಮುಂದಿನ ಊರು ಮುಟ್ಟಬೇಕು. ನಿಷ್ಠೆ ಎಂದರೆ ಇದೂ ಹೌದು, ಮತ್ತು ಇದು ಒಬ್ಬರ ನಿಷ್ಠೆಯಲ್ಲ. ಪತ್ನಿ ಲಕ್ಷ್ಮೀಬಾಯಿ ಏಣಗಿಯವರು ಸ್ವತಃ ಹೆಸರಾಂತ ನಟಿ. ಮಗುವನ್ನು ಸೈಡ್‌ವಿಂಗಿನಲ್ಲಿ ಮಲಗಿಸಿ ಎಂಟ್ರಿ ಕೊಡುತ್ತಿದ್ದ ಕಂಪನಿ ನಟಿಯರನ್ನು ನೆನೆಯದೆ, ಯಾವ ಮಾಲೀಕ-ನಟನ ತ್ಯಾಗದ ಮಾತು ಆಡಿದರೂ ಅದು ಅರ್ಧ ಕಥೆಯೇ.

ಗಣೇಶ ಅಮೀನಗಡ ಅವರು ನಿರೂಪಿಸಿದ ‘ಬಣ್ಣದ ಬದುಕಿನ ಚಿನ್ನದ ದಿನಗಳು’ ಇಲ್ಲದಿದ್ದರೆ ಬಾಳಪ್ಪನವರ ಬದುಕಿನ ಎಷ್ಟೋ ಭಾಗ ಬಾಯಿಮಾತಿನಲ್ಲೇ ಕರಗಿ ಹೋಗುತ್ತಿತ್ತು. ಆ ಉಪಕಾರ ಸಣ್ಣದಲ್ಲ. ನನ್ನ ತಕರಾರು ಒಂದು ಪುಸ್ತಕದ ಮೇಲಲ್ಲ, ಕನ್ನಡದಲ್ಲಿ ರಂಗಜೀವನ ಬರೆಯುವ ರೂಢಿಯ ಮೇಲೆ. ಗುಬ್ಬಿ ವೀರಣ್ಣನವರ ಕಾಲದಿಂದ ಇಲ್ಲಿಯವರೆಗೆ ನಮ್ಮಲ್ಲಿ ಪ್ರಸಂಗಗಳಿಗೆ ಬರವಿಲ್ಲ. ಯಾವ ಊರಿನಲ್ಲಿ ಬೆಂಕಿ ಬಿತ್ತು, ಯಾರು ಸಂಬಳ ಬಿಟ್ಟು ದುಡಿದರು, ಯಾವ ಸ್ವಾಮಿಗಳು ಶಾಲು ಹೊದಿಸಿದರು ಎಂಬುದೆಲ್ಲ ಸಿಗುತ್ತದೆ. ಉಸಿರನ್ನು ಎಲ್ಲಿ ಹಿಡಿದರು, ಪ್ರಾಂಪ್ಟರ್ ಕೈಕೊಟ್ಟ ದಿನ ಮಾತನ್ನು ಹೇಗೆ ಹೊಲಿದರು, ಎದುರು ಪಾತ್ರ ಬದಲಾದಾಗ ತಮ್ಮ ಆಟವನ್ನು ಎಷ್ಟು ತಿದ್ದಿಕೊಂಡರು ಎಂಬುದು ಸಿಗುವುದು ಅಪರೂಪ. ನಟನ ಕೈಕೆಲಸ ಇರುವುದೇ ಅಲ್ಲಿ.

ಮೈಸೂರಿನ ಆರ್. ನಾಗರತ್ನಮ್ಮನವರಿಗೂ ಆದದ್ದು ಇದೇ. 1958ರಲ್ಲಿ ಬರೀ ಹೆಂಗಸರ ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿ ಕಂಸನಾಗಿ, ಭೀಮನಾಗಿ ರಂಗ ನಡುಗಿಸಿದವರು. 2012ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಬಾಳಪ್ಪ ಗಂಡಾಗಿದ್ದು ಹೆಣ್ಣಿನ ಪಾರ್ಟು ಮಾಡಿದರು, ನಾಗರತ್ನಮ್ಮ ಹೆಣ್ಣಾಗಿದ್ದು ಗದೆ ಹಿಡಿದರು. ಈ ಇಬ್ಬರ ಮೈ, ದನಿಗಳನ್ನು ಎದುರುಬದುರು ಇಟ್ಟು ನೋಡಿದ್ದರೆ ಕನ್ನಡದ ಅಭಿನಯ ಕುರಿತು ಒಂದು ಒಳ್ಳೆಯ ಪುಸ್ತಕವೇ ಆಗುತ್ತಿತ್ತು. ನಾವು ಇಬ್ಬರಿಗೂ ‘ಅಪ್ರತಿಮ’ ಎಂದು ಬರೆದು ಮುಗಿಸಿದೆವು.

ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಈಗಲೂ ಕಂಪನಿಗಳು ಟೆಂಟ್ ಹಾಕುತ್ತವೆ. ಅಲ್ಲಿ ಕುರ್ಚಿ ಹಾಕಿಕೊಂಡು ಕೂತ ಹಳೆಯ ನಟನಟಿಯರಲ್ಲಿ, ಕಾಲಪೆಟ್ಟಿ ಬಾರಿಸಿದವರಲ್ಲಿ, ಪರದೆ ಎಳೆದವರಲ್ಲಿ ಆ ಕಾಲದ ಥೇಟರು ಬಲ್ಲವರು ಕೆಲವರಾದರೂ ಇದ್ದಾರೆ. ಈ ಸಲ ಜಾತ್ರೆಗೆ ಹೋಗುವ ರಂಗಾಸಕ್ತರು, ಧಾರವಾಡದ ಕನ್ನಡ ವಿಭಾಗಗಳ ಹುಡುಗರು ಅವರಿಗೆ ಶಾಲು ಹೊದಿಸುವ ಮೊದಲು ಮೊಬೈಲಿನ ರೆಕಾರ್ಡರ್ ಒತ್ತಿ ಪಕ್ಕದಲ್ಲಿ ಕೂಡಲಿ. ಪ್ರಶಸ್ತಿಗಳ ಸುದ್ದಿ ಬೇಡ. ಯಾವುದಾದರೂ ಒಂದು ಸೀನನ್ನು ಹೇಗೆ ಆಡುತ್ತಿದ್ದಿರಿ ಎಂದು ಕೇಳಿ, ಆಡಿಸಿ, ದಾಖಲಿಸಿಕೊಳ್ಳಲಿ.